ರಜಾಕಾಲ, ನಮ್ಮ ಮಕ್ಕಳು ಮತ್ತು ನಮ್ಮ ಕರ್ತವ್ಯ

(ಬ್ರಹ್ಮಕಲಶೋತ್ಸವದ ಅಂಗವಾಗಿ ಜರಗಿದ ಧಾರ್ಮಿಕ ಸಭೆಯಲ್ಲಿ ಕ್ಷೇತ್ರದ ಮೊಕ್ತೇಸರರೊಬ್ಬರು ಮಾಡಿದ ಭಾಷಣದ ಪೂರ್ಣಪಾಠ)



ಇಂದಿನ ಸಭೆಯಲ್ಲಿ ಶಾಸ್ತ್ರ ಪುರಾಣಗಳನ್ನು ಬಲ್ಲ ವಿದ್ವಾಂಸರು ಮಾತನಾಡಿದ್ದಾರೆ. ಇನ್ನೂ ಮಾತನಾಡಲಿದ್ದಾರೆ. ಅವರ ನಡುವೆ ನಾನು ಎಸ್.ಎಸ್.ಎಲ್.ಸಿ. ಓದಿ, ಮೂವತ್ತು ವರ್ಷಗಳಿಂದ ಜಿನಸಿನ ಅಂಗಡಿ ನಡೆಸುತ್ತಾ ಬಂದ ಒಬ್ಬ ವ್ಯಾಪಾರಿ. ಪ್ರತಿ ಸಲ ಧನ್ಯವಾದ ಹೇಳಿ ಕುಳಿತುಕೊಳ್ಳುವ ನನಗೆ ಈ ಸಲ ಸಮಿತಿಯವರು ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ನನಗೆ ತಿಳಿಯದ ವೇದಾಂತವನ್ನು ಹೇಳಿ ನಿಮ್ಮ ಸಮಯ ಹಾಳು ಮಾಡುವುದಿಲ್ಲ. ಅಂಗಡಿಯ ಮೇಜಿನ ಹಿಂದೆ ಕುಳಿತವನಿಗೆ ಊರಿನ ಮನೆಮನೆಯ ಸುಖದುಃಖ ಸ್ವಲ್ಪಮಟ್ಟಿಗೆ ತಿಳಿಯುತ್ತದೆ. ಆ ತಿಳುವಳಿಕೆಯಿಂದ ಒಂದು ವಿಷಯವನ್ನು ದೇವರ ಮುಂದೆ ಮತ್ತು ನಿಮ್ಮ ಮುಂದೆ ಇಡುತ್ತೇನೆ. ಅದು ರಜೆಯಲ್ಲಿ ಮನೆಗೆ ಬಂದಿರುವ ನಮ್ಮ ಮಕ್ಕಳ ಮನಸ್ಸಿನ ವಿಷಯ.

ಎಪ್ರಿಲ್, ಮೇ ಎಂದರೆ ನಮ್ಮ ಕಾಸರಗೋಡಿನ ಕಡೆಯಲ್ಲಿ ಸಂಭ್ರಮದ ಕಾಲ. ಬ್ರಹ್ಮಕಲಶ, ನೇಮ, ಕೋಲ, ಮದುವೆ, ಉಪನಯನ, ಗೃಹಪ್ರವೇಶ ಎಲ್ಲವೂ ಈ ಎರಡು ತಿಂಗಳಲ್ಲೇ. ದೊಡ್ಡವರಿಗೆ ಪುರುಸೊತ್ತಿಲ್ಲ. ಶಾಲೆಗೆ ಮಾತ್ರ ರಜೆ. ರಜೆ ಎಂದರೆ ಮಕ್ಕಳಿಗೆ ಖುಷಿಯೇ ಎಂದು ನಾವು ಭಾವಿಸುತ್ತೇವೆ. ಹೆಚ್ಚಿನ ಮಕ್ಕಳಿಗೆ ಅದು ನಿಜ. ಎಲ್ಲರಿಗೂ ನಿಜವಲ್ಲ.

ಶಾಲೆ ಇದ್ದಾಗ ಮಗುವಿನ ಮೇಲೆ ಹತ್ತು ಕಣ್ಣುಗಳಿರುತ್ತವೆ. ಹುಡುಗಿ ಎರಡು ದಿನ ಮಂಕಾಗಿ ಕುಳಿತರೆ ಟೀಚರ್ ಕೇಳುತ್ತಾರೆ. ಮಧ್ಯಾಹ್ನ ಊಟ ಬಿಟ್ಟರೆ ಬಡಿಸುವ ಅಮ್ಮನಿಗೆ ಗೊತ್ತಾಗುತ್ತದೆ. ಹೇಳಿಕೊಳ್ಳಲು ಗೆಳತಿಯರಿರುತ್ತಾರೆ. ಈಗ ನಮ್ಮ ಅನೇಕ ಸರಕಾರಿ ಶಾಲೆಗಳಲ್ಲಿ ಕೌನ್ಸೆಲರ್ ಇದ್ದಾರೆ. ಮಾರ್ಚ್ ಕೊನೆಗೆ ಶಾಲೆಯ ಗೇಟು ಮುಚ್ಚಿದರೆ ಆ ಕೌನ್ಸೆಲರ್ ಕುಳಿತುಕೊಳ್ಳುವ ಕೋಣೆಯೂ ಮುಚ್ಚುತ್ತದೆ. ಹತ್ತು ಕಣ್ಣುಗಳಲ್ಲಿ ಉಳಿಯುವುದು ಮನೆಯವರ ಎರಡೋ ನಾಲ್ಕೋ ಕಣ್ಣು. ಅವು ಕೂಡ ತೋಟ, ಮದುವೆ, ಜಾತ್ರೆ ಎಂದು ಬೇರೆ ಕಡೆಗೆ ತಿರುಗಿರುತ್ತವೆ. ಮಗು ಒಳಗಿನ ಕೋಣೆಯಲ್ಲಿ ಮೊಬೈಲ್ ಹಿಡಿದು ಕುಳಿತಿದ್ದರೆ "ಅವನ ಪಾಡಿಗೆ ಅವನಿದ್ದಾನೆ, ಉಪದ್ರ ಇಲ್ಲ" ಎಂದು ನಾವು ಸಮಾಧಾನಪಡುತ್ತೇವೆ.

ಈ ದಿನಗಳಲ್ಲಿ ವಿಶೇಷವಾಗಿ ಗಮನಿಸಬೇಕಾದವರು ಮೂರು ಬಗೆಯ ಮಕ್ಕಳು. ಮೊದಲನೆಯವರು ಫಲಿತಾಂಶಕ್ಕೆ ಕಾಯುವವರು. ಎಸ್.ಎಸ್.ಎಲ್.ಸಿ., ಪ್ಲಸ್ ಟು ಫಲಿತಾಂಶಗಳು ಮೇ ತಿಂಗಳಲ್ಲಿ ಬರುತ್ತವೆ. ಅದರ ಬೆನ್ನಿಗೆ ಪ್ಲಸ್ ವನ್ ಅಲಾಟ್‌ಮೆಂಟ್. ವೈದ್ಯರಾಗಬೇಕೆಂದು ನೀಟ್ ಬರೆಯುವವರಿಗೂ ಅದೇ ಕಾಲ. ಎರಡನೆಯವರು ಮಂಗಳೂರು, ಬೆಂಗಳೂರು ಮುಂತಾದ ಕಡೆ ಹಾಸ್ಟೆಲಿನಲ್ಲಿದ್ದು ರಜೆಗೆ ಮನೆಗೆ ಬಂದವರು. ಅಲ್ಲಿ ಏನು ಅನುಭವಿಸಿದ್ದಾರೋ ಫೋನಿನಲ್ಲಿ ಹೇಳಿರುವುದಿಲ್ಲ. ಮೂರನೆಯವರನ್ನು ನಾವು ಮರೆಯುತ್ತೇವೆ. ಮನೆಯಲ್ಲೇ ಕಷ್ಟ ಇರುವವರು ಇವರು. ಅಪ್ಪನ ಕುಡಿತ, ದಿನನಿತ್ಯದ ಜಗಳ, ಸಾಲಗಾರರ ಬೆದರಿಕೆ. ಅಂತಹ ಮಗುವಿಗೆ ಶಾಲೆಯೇ ನೆಮ್ಮದಿಯ ಜಾಗ. ಅವಳಿಗೆ ಎರಡು ತಿಂಗಳ ರಜೆ ಎಂದರೆ ಎರಡು ತಿಂಗಳ ಸೆರೆ.

ಇದು ಎಲ್ಲೋ ಒಬ್ಬಿಬ್ಬರ ವಿಷಯ ಎಂದು ಯಾರೂ ತಿಳಿಯಬಾರದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2015-16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿದ್ದರು. ಅದರಲ್ಲಿ 13ರಿಂದ 17 ವರ್ಷದ ಮಕ್ಕಳನ್ನು ವಿಚಾರಿಸಿದಾಗ ಶೇಕಡಾ 7.3ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂತು. ಇಂದು ಮಧ್ಯಾಹ್ನ ನಮ್ಮ ಅನ್ನಛತ್ರದಲ್ಲಿ ಆ ಪ್ರಾಯದ ನೂರು ಮಕ್ಕಳು ಒಂದು ಪಂಕ್ತಿಯಲ್ಲಿ ಕುಳಿತಿದ್ದರೆ, ಆ ಲೆಕ್ಕದಲ್ಲಿ ಏಳು ಮಂದಿ. ನಾವು ಅವರಿಗೆ ಪಾಯಸ ಬಡಿಸಿದೆವು. ಅವರಲ್ಲಿ ಯಾರ ಮನಸ್ಸು ಸರಿಯಿಲ್ಲ ಎಂದು ಎಲೆ ನೋಡಿ ಹೇಳುವಂತಿಲ್ಲ.

"ಇದೆಲ್ಲ ಈಗಿನ ಮಕ್ಕಳ ಕೊಬ್ಬು. ನಮ್ಮ ಕಾಲದಲ್ಲಿ ಇತ್ತಾ ಮಾರಾಯ?" ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಭಗವದ್ಗೀತೆಯನ್ನೇ ಮುಂದೆ ಇಡುತ್ತೇನೆ. ಗೀತೆಯ ಮೊದಲನೆಯ ಅಧ್ಯಾಯದ ಹೆಸರು ಅರ್ಜುನ ವಿಷಾದ ಯೋಗ. ನಮ್ಮ ತಾಳಮದ್ದಳೆಗಳಲ್ಲಿ ಅರ್ಥಧಾರಿಗಳು ಅದನ್ನು ಎಷ್ಟೋ ಸಲ ವಿವರಿಸಿದ್ದಾರೆ. ಅರ್ಜುನನು ಸಾಮಾನ್ಯನೇ? ಅಂಥವನಿಗೆ ಕೈಕಾಲು ಸೋತಿತು, ಬಾಯಿ ಒಣಗಿತು, ಮೈ ನಡುಗಿತು, ಚರ್ಮ ಉರಿಯಿತು, ಕೈಯಿಂದ ಗಾಂಡೀವ ಜಾರಿತು, ಮನಸ್ಸು ಸುತ್ತತೊಡಗಿತು. ಹೀಗೆಂದು ಅವನೇ ಹೇಳಿಕೊಂಡಿದ್ದಾನೆ. ಇಂದು ಯಾವುದೇ ವೈದ್ಯರ ಮುಂದೆ ಹೇಳಿದರೂ ಇವು ಅಂಜಿಕೆಯ ಲಕ್ಷಣಗಳು ಎಂದು ಬರೆದುಕೊಂಡಾರು.

ಆಗ ಕೃಷ್ಣನು ಏನು ಮಾಡಿದ? ಮೊದಲು ಅವನ ಮಾತನ್ನು ಪೂರ್ತಿ ಕೇಳಿದ. ನಡುವೆ ಬಾಯಿ ಹಾಕಲಿಲ್ಲ. ಎರಡನೆಯ ಅಧ್ಯಾಯದ ಆರಂಭದಲ್ಲಿ ಎರಡು ಶ್ಲೋಕಗಳಲ್ಲಿ ಗದರಿಸಿದ್ದು ಹೌದು. ಆದರೆ ಆ ಗದರಿಕೆಯಿಂದ ಅರ್ಜುನ ಎದ್ದು ನಿಲ್ಲಲಿಲ್ಲ. ಮತ್ತೂ ತನ್ನ ದುಃಖವನ್ನೇ ತೋಡಿಕೊಂಡು, ಯುದ್ಧ ಮಾಡುವುದಿಲ್ಲ ಎಂದು ಸುಮ್ಮನಾದ. ಸಾಕ್ಷಾತ್ ಭಗವಂತನು ಗದರಿದರೂ ಆಗದ ಕೆಲಸ ನಮ್ಮ ನಿಮ್ಮ ಗದರಿಕೆಯಿಂದ ಆದೀತೇ? ಆಮೇಲೆ ಕೃಷ್ಣನು ರಥ ಬಿಟ್ಟು ಹೋಗದೆ, ಅವಸರ ಮಾಡದೆ, ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟ. ಹದಿನೆಂಟನೆಯ ಅಧ್ಯಾಯದಲ್ಲಿ, ಎಲ್ಲವನ್ನೂ ವಿಚಾರ ಮಾಡಿ ನಿನಗೆ ಸರಿ ಕಂಡಂತೆ ಮಾಡು ಎಂದ. ಮನೆಯಲ್ಲಿ ಮಗು ಕುಸಿದು ಕುಳಿತಾಗ ಹಿರಿಯರು ನಡೆದುಕೊಳ್ಳಬೇಕಾದ ರೀತಿ ನಮ್ಮ ಗ್ರಂಥದಲ್ಲೇ ಇದೆ.

ಇನ್ನು ನಾನು ಕಣ್ಣಾರೆ ಕಂಡದ್ದೊಂದನ್ನು ಹೇಳುತ್ತೇನೆ. ಹೆಸರು, ಮನೆ, ವರ್ಷ ಯಾವುದನ್ನೂ ಹೇಳುವುದಿಲ್ಲ. ಒಂದು ರಜೆಯಲ್ಲಿ ಒಬ್ಬ ತಾಯಿ ನನ್ನ ಅಂಗಡಿಗೆ ಬಂದರು. "ಅಣ್ಣಾ, ಹಸಿವಾಗುವ ಟಾನಿಕ್ ಏನಾದರೂ ಉಂಟಾ?" ಎಂದು ಕೇಳಿದರು. ಯಾರಿಗೆ ಎಂದು ಕೇಳಿದೆ. ಹಾಸ್ಟೆಲಿನಿಂದ ಬಂದ ಮಗನಿಗೆ. ಮಧ್ಯಾಹ್ನದವರೆಗೆ ಮಲಗುತ್ತಾನೆ, ರಾತ್ರಿ ನಿದ್ದೆಯಿಲ್ಲ. ಊಟ ಅರ್ಧಕ್ಕೆ ಬಿಟ್ಟು ಏಳುತ್ತಾನೆ. ಚೆಂಡೆ ಎಂದರೆ ಜೀವ ಬಿಡುತ್ತಿದ್ದವನು ಈಗ ಆಟಕ್ಕೂ ಬರುವುದಿಲ್ಲ. ಯಾರು ಕರೆದರೂ ಕೋಪ. "ಕಾಲೇಜು ಶುರುವಾದರೆ ಸರಿಯಾದಾನು ಅಂತ ಅವನ ಅಪ್ಪ ಹೇಳ್ತಾರೆ" ಎಂದರು.

ಟಾನಿಕ್ ನನ್ನಲ್ಲಿರಲಿಲ್ಲ, ಇದ್ದಿದ್ದರೂ ಅದು ಆ ಕಾಯಿಲೆಯ ಮದ್ದಲ್ಲ. ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯ ಹತ್ತಿರ ಒಮ್ಮೆ ಮಾತನಾಡಿ ಅಂದೆ. ಆಕೆ ಮನೋರೋಗ ವೈದ್ಯರು ಆಸ್ಪತ್ರೆಗೆ ಬರುವ ದಿನವನ್ನು ತಿಳಿಸಿದರು. ಅಪ್ಪನಿಗೆ ಮನಸ್ಸಿರಲಿಲ್ಲ. "ಮರುಳಿನ ಡಾಕ್ಟರ ಹತ್ತಿರ ಹೋದರೆ ನಾಳೆ ಊರಿನವರು ಏನು ಹೇಳಿಯಾರು?" ಎಂಬ ಭಯ. ಆದರೂ ಹೋದರು. ವೈದ್ಯರು ಅಪ್ಪ ಅಮ್ಮನನ್ನು ಹೊರಗೆ ಕುಳ್ಳಿರಿಸಿ ಹುಡುಗನ ಹತ್ತಿರ ಅರ್ಧ ಗಂಟೆ ಮಾತನಾಡಿದರು. ಹಾಸ್ಟೆಲಿನಲ್ಲಿ ಹಿರಿಯ ಹುಡುಗರು ಕೊಟ್ಟ ಕಾಟ, ಎರಡು ವಿಷಯಗಳಲ್ಲಿ ಬಿದ್ದ ಸಂಗತಿ, ಅಡಿಕೆ ಮಾರಿ ಫೀಸು ಕಟ್ಟಿದ ಅಪ್ಪನಿಗೆ ಮುಖ ತೋರಿಸಲಾರದ ಸಂಕಟ, ಎಲ್ಲವೂ ಆ ಅರ್ಧ ಗಂಟೆಯಲ್ಲಿ ಹೊರಬಂತು. ಅಪ್ಪನಿಗೆ ಅದುವರೆಗೆ ಒಂದಕ್ಷರ ಗೊತ್ತಿರಲಿಲ್ಲ. ರಜೆ ಮುಗಿಯುವುದರೊಳಗೆ ನಾಲ್ಕು ಸಲ ಹೋಗಿ ಬಂದರು. ಸ್ವಲ್ಪ ದಿನ ಮದ್ದೂ ಇತ್ತು. ಕಾಲೇಜು ಬದಲಾಯಿಸಿದರು. ಹುಡುಗ ಈಗ ತನ್ನ ಕಾಲ ಮೇಲೆ ನಿಂತಿದ್ದಾನೆ. ಇಂದಿನ ಸಭೆಯಲ್ಲಿ ಇದ್ದಾನೋ ಇಲ್ಲವೋ ಎಂದು ನಾನು ಹೇಳುವುದಿಲ್ಲ. ಆ ಗುಟ್ಟು ಅವನದು.

ಇದನ್ನು ಹೇಳಲು ಕಾರಣವುಂಟು. "ಶಾಲೆ ಶುರುವಾಗಲಿ, ಆಮೇಲೆ ನೋಡುವ" ಎಂದು ನಾವು ಮುಂದೂಡುತ್ತೇವೆ. ನಿಜವಾಗಿ ನೋಡಿದರೆ ರಜೆಯೇ ಸರಿಯಾದ ಸಮಯ. ಹಾಜರಿ ತಪ್ಪುವುದಿಲ್ಲ, ಶಾಲೆಯಲ್ಲಿ ಕಾರಣ ಹೇಳಬೇಕಾಗಿಲ್ಲ, ನಾಲ್ಕು ಸಲ ಹೋಗಿಬರಲು ಬಿಡುವಿರುತ್ತದೆ. ಹಲ್ಲುನೋವಿಗೆ, ಕಣ್ಣು ತೋರಿಸಲು ನಾವು ರಜೆಯನ್ನೇ ಕಾಯುತ್ತೇವಲ್ಲ? ಮನಸ್ಸಿಗೂ ಹಾಗೆಯೇ ಮಾಡಬೇಕು.

ಯಾವಾಗ ಜಾಗ್ರತೆ ಮಾಡಬೇಕು? ಒಂದೆರಡು ದಿನದ ಬೇಸರ ಎಲ್ಲರಿಗೂ ಇರುತ್ತದೆ. ಎರಡು ವಾರ ಕಳೆದರೂ ಮುಖದಲ್ಲಿ ಗೆಲುವಿಲ್ಲದಿದ್ದರೆ, ನಿದ್ದೆ, ಊಟ ತಪ್ಪಿದರೆ, ಇಷ್ಟಪಟ್ಟು ಮಾಡುತ್ತಿದ್ದುದನ್ನು ಬಿಟ್ಟರೆ, ಗೆಳೆಯರನ್ನು ದೂರ ಮಾಡಿದರೆ, ಸ್ನಾನ ಬಟ್ಟೆಯ ಪರಿವೆಯಿಲ್ಲದಿದ್ದರೆ, ಕಾರಣವಿಲ್ಲದೆ ಸಿಡುಕಿದರೆ, ಅಮಲು ಪದಾರ್ಥದ ಸುಳಿವು ಕಂಡರೆ ಕೇಳಲೇಬೇಕು. ಹೆಣ್ಣುಮಕ್ಕಳು ಅಳುತ್ತಾರೆ, ಅದು ನಮಗೆ ಕಾಣುತ್ತದೆ. ಗಂಡುಮಕ್ಕಳು ಹಲವು ಸಲ ಅಳುವುದಿಲ್ಲ, ಕೋಪಿಸಿಕೊಳ್ಳುತ್ತಾರೆ. ಆ ಕೋಪದ ಹಿಂದೆಯೂ ದುಃಖ ಇರಬಹುದು. "ನಾನಿದ್ದು ಏನು ಪ್ರಯೋಜನ", "ನಾನು ನಿಮಗೆಲ್ಲ ಭಾರ" ಎಂಬ ಮಾತು ಬಂದರೆ, ತನ್ನ ಪ್ರೀತಿಯ ವಸ್ತುಗಳನ್ನು ಹಂಚತೊಡಗಿದರೆ, ಒಂದು ದಿನವೂ ತಡಮಾಡಬಾರದು.

ಹೇಗೆ ಕೇಳಬೇಕು? ಎದುರು ಕುಳ್ಳಿರಿಸಿ ಪೊಲೀಸರ ಹಾಗೆ ವಿಚಾರಣೆ ಮಾಡಬೇಡಿ. ತೋಟಕ್ಕೆ ಹೋಗುವಾಗ ಜೊತೆಗೆ ಕರೆದುಕೊಂಡು ಹೋಗಿ. ಅಡಿಕೆ ಸುಲಿಯುವಾಗ ಪಕ್ಕದಲ್ಲಿ ಕುಳ್ಳಿರಿಸಿ. ಕೈ ಕೆಲಸದಲ್ಲಿದ್ದರೆ ಬಾಯಿ ಸಲೀಸಾಗಿ ಬಿಚ್ಚುತ್ತದೆ. "ಮಗಾ, ನೀನು ಕೆಲವು ದಿನದಿಂದ ಮೊದಲಿನ ಹಾಗೆ ಇಲ್ಲ. ಏನಾದರೂ ಇದ್ದರೆ ಹೇಳು, ನಾನು ಬಯ್ಯುವುದಿಲ್ಲ" ಎನ್ನಿ. ಹೇಳಿದ ಮೇಲೆ ನಿಜವಾಗಿಯೂ ಬಯ್ಯಬೇಡಿ. ಪಕ್ಕದ ಮನೆಯ ಹುಡುಗನೊಡನೆ ಹೋಲಿಸಬೇಡಿ. ಅಪ್ಪ ಅಮ್ಮನ ಹತ್ತಿರ ಹೇಳಲಾಗದ್ದನ್ನು ಕೆಲವು ಮಕ್ಕಳು ಸೋದರಮಾವನಲ್ಲೋ ಅಜ್ಜಿಯಲ್ಲೋ ಹೇಳುತ್ತಾರೆ. ರಜೆಯಲ್ಲಿ ಅಜ್ಜನ ಮನೆಗೆ ಕಳುಹಿಸುವ ನಮ್ಮ ಹಿಂದಿನ ಪದ್ಧತಿಯಲ್ಲಿ ಈ ಒಂದು ದೊಡ್ಡ ಗುಣವಿತ್ತು.

ಇನ್ನೊಂದು ಕಠಿಣ ಮಾತು. ಸಾಯಬೇಕು ಅನ್ನಿಸುತ್ತದೆಯೇ ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ಅನೇಕರು ಹೆದರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಆ ಹೆದರಿಕೆ ತಪ್ಪು ಎಂದು ಸ್ಪಷ್ಟವಾಗಿ ಹೇಳುತ್ತಾರೆ. ಪ್ರೀತಿಯಿಂದ ನೇರವಾಗಿ ಕೇಳಿದರೆ ಮಗುವಿನ ಎದೆಯ ಭಾರ ಇಳಿಯುತ್ತದೆ. ಹೌದು ಎಂದು ಮಗು ಹೇಳಿದರೆ ಒಬ್ಬಂಟಿಯಾಗಿ ಬಿಡಬೇಡಿ. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತೋಟದ ಮದ್ದು, ಇಲಿಪಾಷಾಣ, ಮನೆಯ ಮಾತ್ರೆಗಳು ಬೀಗ ಹಾಕಿದ ಕಪಾಟಿನಲ್ಲಿರಲಿ, ಕೀಲಿಕೈ ಹಿರಿಯರ ಕೈಯಲ್ಲಿರಲಿ. ನನ್ನ ಅಂಗಡಿಯಲ್ಲಿ ಇಂತಹ ವಸ್ತುಗಳನ್ನು ಮಕ್ಕಳ ಕೈಗೆ ಕೊಡುವ ಪದ್ಧತಿಯಿಲ್ಲ. ಊರಿನ ಇತರ ವ್ಯಾಪಾರಿ ಮಿತ್ರರಿಗೂ ಈ ಸಭೆಯ ಮೂಲಕ ಕೈಮುಗಿದು ಅದನ್ನೇ ಕೇಳಿಕೊಳ್ಳುತ್ತೇನೆ. ನಾಲ್ಕು ಕಾಸಿನ ವ್ಯಾಪಾರ ಹೋದರೆ ಹೋಗಲಿ.

ಎಲ್ಲಿಗೆ ಹೋಗಬೇಕು ಎಂಬುದು ಮುಖ್ಯ ಪ್ರಶ್ನೆ. ತಾಯಂದಿರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮೊದಲನೆಯದಾಗಿ, ಮನೆಯಲ್ಲೇ ಕುಳಿತು ಮಾಡಬಹುದಾದ ಕೆಲಸ 14416 ಎಂಬ ನಂಬರಿಗೆ ಫೋನ್ ಮಾಡುವುದು. ಇದರ ಹೆಸರು ಟೆಲಿ ಮಾನಸ್. ಕೇಂದ್ರ ಸರಕಾರದ ಈ ಸೇವೆ 2022ರ ಒಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭವಾಯಿತು. ಹಗಲು ರಾತ್ರಿ ಇರುತ್ತದೆ, ಭಾನುವಾರವೂ ಇರುತ್ತದೆ, ರಜೆಯಲ್ಲೂ ಇರುತ್ತದೆ. ಹಣ ಕೊಡಬೇಕಾಗಿಲ್ಲ. ಕನ್ನಡವೂ ಸೇರಿದಂತೆ 20 ಭಾಷೆಗಳಲ್ಲಿ ಈ ಸೇವೆಯುಂಟು. ಮಗುವೇ ಮಾತನಾಡಬಹುದು, ಮಗುವಿನ ಬಗ್ಗೆ ಚಿಂತೆಯಿರುವ ತಾಯಿ, ಅಜ್ಜ, ಗೆಳೆಯ ಯಾರೂ ಮಾತನಾಡಬಹುದು. ಕೇಳಿಸಿಕೊಂಡು ಸಮಾಧಾನ ಹೇಳಿ, ಅಗತ್ಯವಿದ್ದರೆ ವೈದ್ಯರನ್ನು ಕಾಣುವ ದಾರಿ ತೋರಿಸುತ್ತಾರೆ.

ಎರಡನೆಯದು 1098. ಮನೆಯಲ್ಲಿ ಹೊಡೆತ, ಕಿರುಕುಳ ಅನುಭವಿಸುವ, ಹೇಳಿಕೊಳ್ಳಲಾಗದ ಕಷ್ಟದಲ್ಲಿರುವ 18 ವರ್ಷದೊಳಗಿನ ಮಕ್ಕಳಿಗಾಗಿ ಇರುವ ನಂಬರು ಇದು. ಇದನ್ನು ಮಕ್ಕಳಿಗೇ ಬಾಯಿಪಾಠ ಮಾಡಿಸಬೇಕು. ಮೂರನೆಯದು ನಮ್ಮ ಕೇರಳ ಸರಕಾರದ ಆರೋಗ್ಯ ಸಹಾಯವಾಣಿ ದಿಶಾ, ನಂಬರು 1056. ಮಲಯಾಳ ಚೆನ್ನಾಗಿ ಬರುವವರಿಗೆ ಇದು ಅನುಕೂಲ. ತೀರಾ ತುರ್ತು ಇದ್ದರೆ 112.

ಆಸ್ಪತ್ರೆ ಎಂದರೆ ನಮ್ಮವರಿಗೆ ಮಂಗಳೂರೇ ನೆನಪಿಗೆ ಬರುವುದು. ಅಲ್ಲಿ ಒಳ್ಳೆಯ ವೈದ್ಯರಿದ್ದಾರೆ, ನಿಜ. ಆದರೆ 2020ರ ಮಾರ್ಚ್‌ನಲ್ಲಿ ಕೊರೋನಾ ಕಾಲಕ್ಕೆ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರಿನ ಮದ್ದನ್ನೇ ನಂಬಿದ್ದ ಮನೆಗಳು ಪಟ್ಟ ಪಾಡು ನಿಮಗೆ ನೆನಪಿರಬಹುದು. ನಮ್ಮ ಜಿಲ್ಲೆಯಲ್ಲೇ ಏನುಂಟು ಎಂದು ತಿಳಿದಿರಬೇಕು. ಕಾಸರಗೋಡಿನ ಜನರಲ್ ಆಸ್ಪತ್ರೆಯಲ್ಲಿ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ನಿಗದಿಯಾದ ದಿನಗಳಲ್ಲಿ ಊರಿನ ಹತ್ತಿರದ ಸರಕಾರಿ ಆಸ್ಪತ್ರೆಗಳಿಗೂ ಬರುತ್ತದೆ. ದಿನ ಯಾವುದೆಂದು ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರವನ್ನೋ ಕೇಳಿದರೆ ಗೊತ್ತಾಗುತ್ತದೆ. ಕುಟುಂಬಾರೋಗ್ಯ ಕೇಂದ್ರಗಳಲ್ಲಿ ಖಿನ್ನತೆಯನ್ನು ಗುರುತಿಸಲು ಆಶ್ವಾಸಂ ಎಂಬ ಕ್ಲಿನಿಕ್ ನಡೆಯುತ್ತದೆ. ಅಮಲಿಗೆ ಬಿದ್ದವರಿಗೆ ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆಯ ಚಿಕಿತ್ಸಾ ಕೇಂದ್ರ ಜಿಲ್ಲೆಗೊಂದರಂತೆ ಉಂಟು.

ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆಗೆ ಮದ್ದು ಕೊಡಬಹುದು ಎಂದು ದೇಶಕ್ಕೆ ತೋರಿಸಿದ್ದು ಒಂದು ಕನ್ನಡ ಜಿಲ್ಲೆ ಎಂಬುದು ನಮಗೆ ಹೆಮ್ಮೆಯ ವಿಷಯ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಈ ಪ್ರಯೋಗ ಮಾಡಿದರು. ಅದರ ಮಾದರಿಯಲ್ಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು.

ಹೊರಗೆ ಗೊತ್ತಾದರೆ ಮರ್ಯಾದೆ ಹೋಗುತ್ತದೆ, ನಾಳೆ ಸಂಬಂಧ ಕೂಡಿಬರುವುದಿಲ್ಲ ಎಂಬ ಅಂಜಿಕೆ ಉಂಟಲ್ಲ, ಅದಕ್ಕೂ ಉತ್ತರವಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆ 2018ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಚಿಕಿತ್ಸೆಯ ವಿಷಯವನ್ನು ಗುಟ್ಟಾಗಿಡಬೇಕು ಎಂಬುದು ಆ ಕಾಯಿದೆಯ ಕಟ್ಟಳೆ. ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರ ಮೇಲೆ ಕೇಸಾಗುತ್ತದೆ ಎಂದು ಹೆದರಿ ಆಸ್ಪತ್ರೆಗೇ ಹೋಗದ ಮನೆಗಳು ಹಿಂದೆ ಇದ್ದವು. ಅಂಥವರು ತೀವ್ರ ಮನಃಕ್ಲೇಶದಲ್ಲಿದ್ದರೆಂದೇ ತಿಳಿಯಬೇಕು, ಶಿಕ್ಷಿಸಬಾರದು, ಸರಕಾರ ಅವರ ಆರೈಕೆ ನೋಡಬೇಕು ಎಂದು ಈ ಕಾಯಿದೆ ಹೇಳುತ್ತದೆ. ಹೆದರಿಕೊಂಡು ಕೂತರೆ ಜೀವ ಹೋದೀತು. ಮೊದಲು ಆಸ್ಪತ್ರೆ, ಉಳಿದದ್ದೆಲ್ಲ ಆಮೇಲೆ.

ಗಡಿನಾಡಿನವರಾದ ನಮಗೆ ವಿಶೇಷವಾದ ಒಂದು ತೊಡಕಿದೆ. 1956ರ ನವೆಂಬರ್ 1ರಿಂದ ನಮ್ಮ ಆಡಳಿತದ ಭಾಷೆ ಬೇರೆ, ಮನೆಯ ಭಾಷೆ ಬೇರೆ. ನಮ್ಮ ಮಕ್ಕಳು ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ ಮಾತನಾಡುತ್ತಾರೆ. ಶಾಲೆಯಲ್ಲಿ ಕನ್ನಡ ಓದುತ್ತಾರೆ. ಪೇಟೆಯಲ್ಲಿ ಮಲಯಾಳದಲ್ಲಿ ವ್ಯವಹರಿಸುತ್ತಾರೆ. ಬಸ್ಸಿನ ಟಿಕೇಟು ಕೇಳಲು, ಅಕ್ಕಿ ಕೊಳ್ಳಲು ಯಾವ ಭಾಷೆಯಾದರೂ ಸಾಕು. ಎದೆಯೊಳಗಿನ ದುಃಖ ಹೇಳಲು ಅಮ್ಮನ ಭಾಷೆಯೇ ಬೇಕು. ಕನ್ನಡ ಮಾಧ್ಯಮದ ಹುಡುಗಿಯನ್ನು ಮಲಯಾಳ ಮಾತ್ರ ಬಲ್ಲ ಕೌನ್ಸೆಲರ್ ಮುಂದೆ ಕುಳ್ಳಿರಿಸಿದರೆ, ಅವರು ಎಷ್ಟೇ ಒಳ್ಳೆಯವರಾದರೂ, ಆಕೆ "ಏನಿಲ್ಲ ಟೀಚರ್" ಎಂದು ಎದ್ದು ಬರುತ್ತಾಳೆ. ಆದ್ದರಿಂದ ಕನ್ನಡ, ತುಳು ಬಲ್ಲ ಕೌನ್ಸೆಲರ್‌ಗಳನ್ನು ನಮ್ಮ ಶಾಲೆಗಳಿಗೂ ಆಸ್ಪತ್ರೆಗಳಿಗೂ ಕೊಡಬೇಕು ಎಂದು ಪಂಚಾಯತು, ಜಿಲ್ಲಾ ಪಂಚಾಯತುಗಳ ಮುಂದೆ ಮನವಿ ಇಡಬೇಕು. ಭಾಷಾ ಅಲ್ಪಸಂಖ್ಯಾತರ ಹಕ್ಕು ಎಂದು ನಾವು ಅರ್ಜಿ ನಮೂನೆಗಾಗಿ, ಬೋರ್ಡಿಗಾಗಿ ಹೋರಾಡಿದ್ದೇವೆ. ಮಕ್ಕಳ ಅಳಲಿಗೂ ಆ ಹಕ್ಕು ಬೇಕು.

ಭಗವದ್ಭಕ್ತರೇ, ಇದೆಲ್ಲ ಹೇಳಿದ ಮಾತ್ರಕ್ಕೆ ಹರಕೆ ಹೇಳಬೇಡಿ, ಪ್ರಾರ್ಥನೆ ಬೇಡ ಎಂದು ನಾನು ಹೇಳುತ್ತಿಲ್ಲ. ಈ ಕ್ಷೇತ್ರದ ಮೊಕ್ತೇಸರನಾಗಿ ಹಾಗೆ ಹೇಳುವುದು ಹೇಗೆ? ಮಗುವಿನ ಹೆಸರಿನಲ್ಲಿ ಅರ್ಚನೆ ಮಾಡಿಸಿ. ಪ್ರಸಾದ ಹಚ್ಚಿ. ಜೊತೆಗೆ ಆಸ್ಪತ್ರೆಯ ಚೀಟಿಯನ್ನೂ ಮಾಡಿಸಿ. ಜ್ವರ ಬಂದರೆ ಹರಕೆಯನ್ನೂ ಹೇಳುತ್ತೇವೆ, ಮದ್ದನ್ನೂ ಕುಡಿಯುತ್ತೇವೆ. ದೇವರು ಕೋಪಿಸಿಕೊಂಡದ್ದು ಉಂಟೇ? ಮಾಟ, ಸೋಂಕು ಎಂದು ಹೇಳಿ ಮಗುವನ್ನು ಹೆದರಿಸುವವರ ಮನೆಬಾಗಿಲಿಗೆ ಅಲೆದು ತಿಂಗಳುಗಳನ್ನು ಕಳೆಯಬೇಡಿ ಎಂಬುದಷ್ಟೇ ನನ್ನ ವಿನಂತಿ.

ಇನ್ನು ಕೆಲವೇ ದಿನಗಳಲ್ಲಿ ಫಲಿತಾಂಶ ಬರುತ್ತದೆ. ನಮ್ಮ ಕಾಲದಲ್ಲಿ 600ರಲ್ಲಿ 210 ಅಂಕ ಸಿಕ್ಕಿದರೆ ಪಾಸು. ಆ 210 ದಾಟಿದವನ ಮನೆಯಲ್ಲಿ ಪಾಯಸ ಮಾಡುತ್ತಿದ್ದರು. ಈಗ ಎಲ್ಲ ವಿಷಯಗಳಲ್ಲಿ ಎ ಪ್ಲಸ್ ಬಾರದಿದ್ದರೆ ಮನೆಯಲ್ಲಿ ಮೌನ. ಒಂದು ವಿಷಯದಲ್ಲಿ ಬಿದ್ದವರಿಗೆ ಅದೇ ವರ್ಷ ಸೇ ಪರೀಕ್ಷೆ ಇದೆ. ವರ್ಷ ವ್ಯರ್ಥವಾಗುವುದಿಲ್ಲ. ಈ ಮಾತನ್ನು ಫಲಿತಾಂಶ ಬರುವ ಮೊದಲೇ ಮಕ್ಕಳ ಕಿವಿಗೆ ಹಾಕಿಡಿ. ಬಂದ ದಿನ ಮಗುವನ್ನು ಮನೆಯಲ್ಲಿ ಒಂಟಿಯಾಗಿ ಬಿಡಬೇಡಿ. "ಎಷ್ಟು ಬಂತು?" ಎಂದು ನೆಂಟರು ಫೋನ್ ಮಾಡಿದರೆ ನೀವೇ ಉತ್ತರಿಸಿ.

ನಮ್ಮ ಕ್ಷೇತ್ರದಲ್ಲಿ ಪ್ರತಿ ವರ್ಷ ಪ್ರತಿಭಾ ಪುರಸ್ಕಾರ ನಡೆಯುತ್ತದೆ. ಅದು ನಡೆಯಲಿ, ಓದಿದವರಿಗೆ ಗೌರವ ಸಲ್ಲಲಿ. ಆದರೆ ಈ ಉತ್ಸವದಲ್ಲಿ ಹೊರೆಕಾಣಿಕೆ ಹೊತ್ತವರು, ಚಪ್ಪರ ಕಟ್ಟಿದವರು, ಸಾವಿರಾರು ಎಲೆಗಳಿಗೆ ಓಡಾಡಿ ಬಡಿಸಿದವರು ಯಾರು? ಅಂಕಪಟ್ಟಿಯಲ್ಲಿ ಹಿಂದೆ ಇರುವ ಎಷ್ಟೋ ಮಕ್ಕಳು ಅದರಲ್ಲಿದ್ದಾರೆ. ಅವರನ್ನೂ ಅದೇ ವೇದಿಕೆಗೆ ಕರೆದು ಅದೇ ಶಾಲು ಹೊದಿಸಿದರೆ, ದೇವರ ಮುಂದೆ ತನಗೂ ಒಂದು ಜಾಗವುಂಟು ಎಂದು ಆ ಮಗುವಿಗೆ ಅನಿಸುತ್ತದೆ. ಆ ಅನಿಸಿಕೆ ಒಂದು ಜೀವವನ್ನು ಹಿಡಿದು ನಿಲ್ಲಿಸಬಲ್ಲುದು.

ಕೊನೆಯದಾಗಿ ಆಡಳಿತ ಮಂಡಳಿಯ ಮುಂದೆ ನಾಲ್ಕು ಸಲಹೆಗಳನ್ನು ಇಡುತ್ತೇನೆ.

ಒಂದು, ಸೇವಾ ಕೌಂಟರಿನ ಬಳಿ, ಅನ್ನಛತ್ರದ ಕೈತೊಳೆಯುವ ಜಾಗದಲ್ಲಿ, ಸಭಾಭವನದ ಬಾಗಿಲಲ್ಲಿ 14416 ಮತ್ತು 1098 ಎಂಬ ನಂಬರುಗಳನ್ನು ಕನ್ನಡ, ಮಲಯಾಳ ಎರಡರಲ್ಲೂ ದೊಡ್ಡದಾಗಿ ಬರೆಸಿ ಹಾಕಬೇಕು. ಬೋರ್ಡಿನ ಖರ್ಚು ನನ್ನದು.

ಎರಡು, ರಜೆಯ ಎರಡು ತಿಂಗಳು ಪ್ರತಿ ಭಾನುವಾರ ಮಧ್ಯಾಹ್ನದ ಮೇಲೆ ಸಭಾಭವನವನ್ನು ಮಕ್ಕಳಿಗೆ ಬಿಟ್ಟುಕೊಡಬೇಕು. ಚೆಂಡೆ ಮದ್ದಳೆ ಕಲಿಯುವವರು ಕಲಿಯಲಿ, ಭಜನೆ ಹೇಳುವವರು ಹೇಳಲಿ, ಸುಮ್ಮನೆ ಕುಳಿತುಕೊಳ್ಳುವವರು ಕುಳಿತುಕೊಳ್ಳಲಿ. ಅಲ್ಲಿ ಇಬ್ಬರು ಹಿರಿಯರು ಇರಬೇಕು. ಅವರಲ್ಲಿ ಒಬ್ಬರು ಮಹಿಳೆಯಾಗಿರಬೇಕು. ಅವರ ಕೆಲಸ ಉಪದೇಶವಲ್ಲ, ಕಣ್ಣಿಡುವುದು ಮತ್ತು ಕಿವಿಗೊಡುವುದು.

ಮೂರು, ಫಲಿತಾಂಶಕ್ಕೆ ಮೊದಲು ಒಂದು ದಿನ ಕನ್ನಡ ಬಲ್ಲ ವೈದ್ಯರನ್ನೋ ಕೌನ್ಸೆಲರರನ್ನೋ ಕರೆಸಿ ಹೆತ್ತವರೊಂದಿಗೆ ಮಾತನಾಡಿಸಬೇಕು.

ನಾಲ್ಕು, ದೇವಸ್ಥಾನಕ್ಕೆ ಬಂದು ಯಾರಾದರೂ ತಮ್ಮ ಮಗುವಿನ ಕಷ್ಟವನ್ನು ಹೇಳಿಕೊಂಡರೆ ಅದು ನಮ್ಮಲ್ಲೇ ಉಳಿಯಬೇಕು. ಅಂಗಳ ದಾಟಬಾರದು. ಈ ನಾಲ್ಕನೆಯದು ಇಲ್ಲದಿದ್ದರೆ ಮೊದಲಿನ ಮೂರರಿಂದ ಪ್ರಯೋಜನವಿಲ್ಲ.

ಮಕ್ಕಳೇ, ನಿಮ್ಮಲ್ಲೂ ಒಂದು ಮಾತು. ಗೆಳೆಯನೊಬ್ಬ "ಯಾರಿಗೂ ಹೇಳಬೇಡ" ಎಂದು ಸಾಯುವ ಮಾತನ್ನಾಡಿದರೆ ಆ ಗುಟ್ಟನ್ನು ಇಟ್ಟುಕೊಳ್ಳಬಾರದು. ಕೂಡಲೇ ನಂಬಿಕೆಯ ಹಿರಿಯರೊಬ್ಬರಿಗೆ ಹೇಳಿ. ಅದು ಚಾಡಿಯಲ್ಲ, ಗೆಳೆತನ. ನಿಮಗೇ ಕಷ್ಟವಾದರೆ, ಮನೆಯಲ್ಲಿ ಹೇಳಲಾಗದಿದ್ದರೆ, ಇಲ್ಲಿಗೆ ಬನ್ನಿ. ಅಂಗಡಿಗೂ ಬರಬಹುದು. ಏನನ್ನೂ ಕೊಳ್ಳಬೇಕಾಗಿಲ್ಲ.

ನಾವೆಲ್ಲ ಸೇರಿ ಈ ದೇವಸ್ಥಾನವನ್ನು ಕಲ್ಲು ಕಲ್ಲಾಗಿ ಜೀರ್ಣೋದ್ಧಾರ ಮಾಡಿದ್ದೇವೆ. ತಾಮ್ರದ ಹೊದಿಕೆ ಹಾಕಿದ್ದೇವೆ, ಕಲಶ ಏರಿಸಿದ್ದೇವೆ. ಮುಂದಿನ ಬ್ರಹ್ಮಕಲಶಕ್ಕೆ ಹನ್ನೆರಡು ವರ್ಷ. ಅಂದು ಹೊರೆಕಾಣಿಕೆ ಹೊರಬೇಕಾದವರು ಇಂದು ನಿಮ್ಮ ಪಕ್ಕದಲ್ಲಿ ಕುಳಿತಿರುವ ಈ ಮಕ್ಕಳು. ಅವರಲ್ಲಿ ಒಬ್ಬರೂ ನಮ್ಮ ಕೈತಪ್ಪಿ ಹೋಗಬಾರದು. ಶ್ರೀ ದೇವರು ಊರಿನ ಎಲ್ಲ ಮಕ್ಕಳಿಗೆ ಆಯುರಾರೋಗ್ಯವನ್ನೂ ಮನೋಧೈರ್ಯವನ್ನೂ, ನಮಗೆ ಅವರ ಮಾತನ್ನು ಕೇಳುವ ತಾಳ್ಮೆಯನ್ನೂ ಕರುಣಿಸಲಿ ಎಂದು ಪ್ರಾರ್ಥಿಸುತ್ತೇನೆ.